ಅನುಬಂಧ ಮೂರು

ನ್ಯಾಕ್ ತಂಡ ಬರುವ ಮುಂಚೆ
ಅಧ್ಯಾಪಕರಿಗೆಲ್ಲ ಒಂದು ಪ್ರಶ್ನಾವಳಿ ಹಂಚಬೇಕಿತ್ತು.
ಹೆಸರು ಬರೆಯಬೇಕಿಲ್ಲ, ಗುರುತು ಹಾಕಿದರೆ ಸಾಕು.
ಗ್ರಂಥಾಲಯಕ್ಕೆ ವಾರಕ್ಕೆ ಎಷ್ಟು ಸಲ ಬರುತ್ತೀರಿ?
ನಿಮ್ಮ ಲೆಕ್ಕದಲ್ಲಿ ಅದರ ಬೆಲೆ, ಒಂದರಿಂದ ಐದರೊಳಗೆ, ಎಷ್ಟು?
ಶಂಕರಘಟ್ಟದ ಫೆಬ್ರವರಿ ಬಿಸಿಲಲ್ಲಿ ವಿಭಾಗದಿಂದ ವಿಭಾಗಕ್ಕೆ
ನಾನೇ ನಡೆದು ಕೊಟ್ಟುಬಂದೆ, ನಲವತ್ತಮೂರು ಪ್ರತಿ.

ಹೆಸರು ಬೇಡವಂತೆ!
ಇಪ್ಪತ್ತೆರಡು ವರ್ಷ ಇಶ್ಯೂ ಕೌಂಟರಿನಲ್ಲಿ ಕೂತವಳಿಗೆ
ಯಾರ ಟಿಕ್ಕು ಯಾವ ಕಡೆ ಬಾಲ ಎಳೆಯುತ್ತದೆಂದು ಗೊತ್ತಿಲ್ಲವೆ?

'ಬರುವುದೇ ಇಲ್ಲ. ಎಲ್ಲ ನನ್ನ ಮೇಜಿನ ಮೇಲೇ ಸಿಗುತ್ತದೆ.'
ಇದು ಭೌತಶಾಸ್ತ್ರದ ಹಾಲಸ್ವಾಮಿ ಸರ್.
ಹೌದು, ಸಿಗುತ್ತದೆ.
ಆ ಜರ್ನಲ್ಲುಗಳ ಚಂದಾ ಕಡತ ಹಿಡಿದು
ಹಣಕಾಸು ಅಧಿಕಾರಿಯ ಬಾಗಿಲಲ್ಲಿ ನಾನು ನಾಲ್ಕು ಸಲ ನಿಂತದ್ದು
ಅವರ ಮೇಜಿಗೆ ಕಾಣುವುದಿಲ್ಲ.
ಹೋದ ನವೆಂಬರಿನಲ್ಲಿ ಬಿಲ್ಲು ತಡವಾಗಿ ಎಲ್ಲ ನಿಂತುಹೋದಾಗ
ಮೊದಲ ಫೋನು ಅವರದೇ:
'ನೆಟ್ ಕೆಟ್ಟಿದೆ ಕಣಮ್ಮ, ಯಾರಿಗೆ ಹೇಳಬೇಕು?'

ಐದಕ್ಕೆ ಐದು ಕೊಟ್ಟು, ಪಕ್ಕದಲ್ಲಿ 'ಫ್ಯಾನು' ಎಂದಷ್ಟೇ ಬರೆದದ್ದು
ಸಸ್ಯಶಾಸ್ತ್ರದ ಫರ್ಹತ್ ಮೇಡಂ.
ಶನಿವಾರ ಮಧ್ಯಾಹ್ನದ ಬಸ್ಸನ್ನು ಬೇಕೆಂದೇ ತಪ್ಪಿಸಿಕೊಂಡು
ಕಪಾಟುಗಳ ನಡುವೆ ನಿಂತೇ ಓದುತ್ತಾರೆ,
ಕೂತರೆ ಪುಸ್ತಕ ಮುಗಿದುಬಿಡುತ್ತದೇನೋ ಎಂಬಂತೆ.
ಹಾವಸೆಗಳ ಮೇಲಿನ ಒಂದು ದಪ್ಪ ಸಂಪುಟ
ಅವರ ಕಾರ್ಡಿನಲ್ಲಿ ಮೂವತ್ತೊಂದು ಸಲ ನವೀಕರಣಗೊಂಡಿದೆ.
ಬೇರೆ ಯಾರೂ ಅದನ್ನು ಕೇಳಿಲ್ಲ,
ನಾನೂ ವಾಪಸು ಕೇಳಿಲ್ಲ.

ಇಂಗ್ಲಿಷಿನ ಡಿಮೆಲ್ಲೊ ಬರುವುದು ಪೇಪರಿಗೆ.
ಪದಬಂಧ ತುಂಬಿ ಹೋಗುತ್ತಾರೆ,
ಪೆನ್ಸಿಲಿನಲ್ಲಿ, ಅದೊಂದು ಮರ್ಯಾದೆ.
ಬರೆದದ್ದು: 'ವಾರಕ್ಕೆ ಆರು ಸಲ. ಸಂಶೋಧನೆಗಾಗಿ.'

ಒಂದು ನಮೂನೆ ದಪ್ಪಗಿತ್ತು.
ಯಾವ ಗುರುತೂ ಇಲ್ಲ. ಮಡಿಕೆಯೊಳಗೆ ಹಳೆಯ ಅಚ್ಚಿನ ಹಾಳೆ.
ಪುನರ್ವಸತಿ ವರದಿ, ಅನುಬಂಧ ಮೂರು, ಪುಟ ಇನ್ನೂರ ಹನ್ನೆರಡು:
ಶರಾವತಿಯ ನೀರಿನಡಿ ಹೋದ ಊರುಗಳ ಪಟ್ಟಿ.
ಜೊತೆಗೊಂದು ಚೀಟಿ:
'ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಹರಿದುಕೊಂಡದ್ದು.
ಜೆರಾಕ್ಸಿಗೆ ಆಗ ಒಂದು ರೂಪಾಯಿ.
ರೂಪಾಯಿ ಇತ್ತು.'

ಹಿರೇಹಕ್ಲು. ಮನೆ ಒಂಬತ್ತು, ಮಾವು ಹದಿನಾಲ್ಕು, ಬಾವಿ ಎರಡು.
ಆ ಸಾಲಿನಡಿ ಒಂದು ಗೆರೆ, ಬೆರಳಾಡಿ ಆಡಿ ಮಾಸಿದೆ.
ಬಾವಿಯ ಮುಂದೆ ಸಣ್ಣಗೆ, ಪೆನ್ಸಿಲಿನಲ್ಲಿ:
'ತಪ್ಪು. ಮೂರು. ಅಮ್ಮ ಹೇಳುತ್ತಿದ್ದಳು.'

ಸಂಖ್ಯಾಶಾಸ್ತ್ರದ ಪ್ರೊಫೆಸರ್ ಹೆಚ್. ಕೆರಿಯಪ್ಪ.
ಗ್ರಂಥಾಲಯ ಸಮಿತಿಯ ಅಧ್ಯಕ್ಷರು, ಜೂನಿಗೆ ನಿವೃತ್ತಿ.
ಪುಟ ಹರಿಯುವವರನ್ನು ಹಿಡಿಯಬೇಕೆಂದು
ಹಟ ಮಾಡಿ ಕ್ಯಾಮೆರಾ ಹಾಕಿಸಿದವರು.
ಆ 'ಹೆಚ್' ಏನೆಂದು ಇಷ್ಟು ವರ್ಷ
ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ವರದಿ ಹುಡುಕಿ ತೆಗೆದೆ.
ಒಳರಟ್ಟಿನಲ್ಲಿ ನನ್ನದೇ ಕೆಂಪು ಶಾಯಿ,
ಸೇರಿದ ಮೊದಲ ವರ್ಷದ ದುಂಡು ಅಕ್ಷರ: 'ಪುಟ 212 ಇಲ್ಲ.'
ಅದನ್ನು ಹೊಡೆದುಹಾಕಿ, ತಾರೀಖು ಬರೆದು,
ಹಾಳೆಗೆ ಗೋಂದು ಹಚ್ಚಿ ಕೂರಿಸಿದೆ.
ಅಕ್ಕಪಕ್ಕದ ಪುಟಗಳು ಕಪಾಟಿನಲ್ಲೇ ಕೂತು ಒಟ್ಟಿಗೆ ಕಂದಾಗಿವೆ;
ಇದೊಂದು ಬೆಳ್ಳಗೆ,
ಅಜ್ಜಿಮನೆಯಲ್ಲಿ ಬೆಳೆದು ವಾಪಸು ಬಂದ ಹುಡುಗಿಯ ಹಾಗೆ.

ಇನ್ನು ನಮೂನೆ. ಕಂಪ್ಯೂಟರಿನ ಚೌಕಕ್ಕೆ ಅಂಕಿಯೇ ಬೇಕು.
ಬಹಳ ಹೊತ್ತು ಕೂತು
'ಉತ್ತರಿಸಿಲ್ಲ' ಎಂಬಲ್ಲಿ ಒತ್ತಿದೆ.
ಸರಾಸರಿ ಮೂರು ಪಾಯಿಂಟ್ ಎಂಟು ಬಂತು.
ಸಭೆಯಲ್ಲಿ ಅಧ್ಯಕ್ಷರೇ ಓದಿದರು,
ಕನ್ನಡಕ ತೆಗೆದು, ಒರೆಸಿ,
ಅಂಕಿ ಸರಿಯಿದೆ ಎಂದರು.

ಸೋಮವಾರ ಅವರು ಬಂದರು.
ಏನೂ ಕೇಳದೆ ಹಿಂದಿನ ಸಾಲಿಗೆ ನಡೆದರು,
ಕ್ಯಾಮೆರಾಕ್ಕೆ ನೆಟ್ಟಗೆ ಕಾಣುವ ಕಪಾಟಿಗೆ.
ನಾನು ಬಗ್ಗಿ
ಕೆಳಗಿನ ಡ್ರಾಯರಿನಲ್ಲಿ
ಸ್ಟಾಂಪ್ ಪ್ಯಾಡ್ ಹುಡುಕತೊಡಗಿದೆ.
ಅದು ಮೇಜಿನ ಮೇಲೇ ಇತ್ತು.