ನೆಲಮಾಳಿಗೆಯ ಬೀಗದ ಕೈ

ಇಪ್ಪತ್ತೇಳು ಬೀಗದ ಕೈ ನನ್ನ ಸೊಂಟದಲ್ಲಿ.
ಮೂವತ್ತನಾಲ್ಕು ವರ್ಷದಿಂದ ಈ ಶಾಲೆಯ ನೆಲ ಒರೆಸುತ್ತಿದ್ದೇನೆ,
ಪೋಲೆಂಡಿನ ಮೂಡಣ ಅಂಚಿನಲ್ಲಿ,
ಬೀಟ್‌ರೂಟ್ ಹೊಲ ಮುಗಿದು ಮಂಜು ಶುರುವಾಗುವಲ್ಲಿ.
ಮಕ್ಕಳು ಏನು ಕಲಿಯುತ್ತಾರೆಂದು ನನ್ನನ್ನು ಯಾರೂ ಕೇಳಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ, ಕಸದ ಬುಟ್ಟಿ ಸುಳ್ಳಾಡುವುದಿಲ್ಲ:
ಏಳೆಂಟ್ಲ ಐವತ್ತನಾಲ್ಕು ಎಂದು ಬರೆದು ಹರಿದ ಹಾಳೆ,
ಅರ್ಧ ಕಚ್ಚಿದ ಸೇಬು,
ನದಿಗಳ ಹೆಸರೆಲ್ಲ ಹೆಬ್ಬೆರಳಗಲದ ನಕಲು ಚೀಟಿಯಲ್ಲಿ.

ಚುನಾವಣೆಗೆ ಮೂರು ವಾರವಿತ್ತು.
ಸುದ್ದಿ ಎಲ್ಲಿ ಹುಟ್ಟಿತೋ,
ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತಿತ್ತು, ಇಗರ್ಜಿಯ ಮೆಟ್ಟಿಲಿಳಿಯಿತು,
ಫೋನಿನಿಂದ ಫೋನಿಗೆ ದಾಟುತ್ತಾ ಮೈ ತುಂಬಿಕೊಂಡಿತು:
ಶಾಲೆಯ ನೆಲಮಾಳಿಗೆಯಲ್ಲೊಂದು ಕೋಣೆಯಂತೆ,
ರಾಜಧಾನಿಯಿಂದ ಬಂದವರು ಅಲ್ಲಿ ಮಕ್ಕಳಿಗೆ
ಅಪ್ಪ ಅಮ್ಮನನ್ನು ಮರೆಯುವುದು ಕಲಿಸುತ್ತಾರಂತೆ,
ಅದಕ್ಕೊಂದು ಪುಸ್ತಕವಂತೆ, ಕಪ್ಪು ರಟ್ಟಿನದು.
ಯಾರ ಮಗು ನೋಡಿತು?
ಯಾರದೋ ಅತ್ತಿಗೆಯ ನೆರೆಮನೆಯ ಮಗು.
ಎತ್ತು ಈದಿತೆಂದರು; ಊರು ಹಗ್ಗ ಹಿಡಿದು ಹೊರಟಿತು.

ಸೋಮವಾರ ಎರಡನೇ ತರಗತಿಯ ಗೂಟಗಳಲ್ಲಿ
ಹನ್ನೊಂದು ಕೋಟುಗಳಿರಲಿಲ್ಲ.

ಗುರುವಾರ ಸಂಜೆ ಸಭೆ.
ಕುರ್ಚಿ ಹಾಕಿದವಳು ನಾನೇ. ನೂರಿಪ್ಪತ್ತು. ಸಾಲಲಿಲ್ಲ.
ವೋಟು ಕೇಳಲು ಬಂದವನ ಬೂಟು ಹೊಳೆಯುತ್ತಿತ್ತು,
ಅವನಿಗೆ ಮಕ್ಕಳಿಲ್ಲ, ಆದರೂ 'ನಮ್ಮ ಮಕ್ಕಳು' ಎಂದ, ಆರು ಸಲ.
ಮುಖ್ಯೋಪಾಧ್ಯಾಯಿನಿ ಲುಡ್ಮಿಲಾ ಪಠ್ಯಕ್ರಮ ಓದಿದಳು,
ಪಾಠ ಒಂದು, ಪಾಠ ಎರಡು;
ಹೆದರಿದವರಿಗೆ ಪಟ್ಟಿ ಕೇಳಿಸುವುದಿಲ್ಲ.
ಹೆದರಿಕೆ ಸುಳ್ಳಲ್ಲ, ಅದನ್ನೂ ಹೇಳಬೇಕು:
ಮುಂದಿನ ಸಾಲಿನ ಡೊರೊಟಾ ಮಗಳ ಕೈಗವಸನ್ನು
ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದಳು.

ಎಲ್ಲರಿಗಿಂತ ಜೋರಾಗಿ ಕೂಗಿದವನು ಯಾರೊಮಿರ್:
'ಬೀಗ ತೆಗೆಯಿರಿ!'
ತೆಗೆದೆ. ನನಗೇನು.
ನಾನು ಆಗಷ್ಟೇ ಒರೆಸಿದ್ದ ಮೆಟ್ಟಿಲ ಮೇಲೆ ನಲವತ್ತು ಜೋಡಿ ಬೂಟು.
ಒಳಗೆ ಬಾಯ್ಲರು, ಕಾಲು ಮುರಿದ ಬೆಂಚು,
ಈಗಿಲ್ಲದ ದೇಶಗಳು ಇನ್ನೂ ಇರುವ ಭೂಪಟ,
ಮೂಲೆಯಲ್ಲಿ ಗಚ್ಚಿನ ಮನುಷ್ಯ,
ಜೀವಶಾಸ್ತ್ರದ ಪಾಠಕ್ಕೆಂದು ಎಂದೋ ತಂದವನು, ಎದೆ ತೆರೆದವನು.
ಶ್ವಾಸಕೋಶವಿದೆ, ಪಿತ್ತಕೋಶವಿದೆ,
ಹೃದಯದ ಜಾಗ ಖಾಲಿ, ಮುಷ್ಟಿಯಷ್ಟು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಮುಗಿಯಿತು ಅಂದುಕೊಂಡೆ.
ಆಮೇಲೆ ಯಾರದೋ ಫೋನು ಮಿಂಚಿತು.
ನಾನು ಮನೆ ಮುಟ್ಟುವ ಮೊದಲೇ ಚಿತ್ರ ಮನೆ ಮುಟ್ಟಿತ್ತು,
ತಂಗಿ ಚಹಾ ಬಗ್ಗಿಸುತ್ತಾ ತೋರಿಸಿದಳು:
'ನೋಡು ಗೆನೊವೆಫಾ, ನಿಮ್ಮ ಶಾಲೆಯಲ್ಲಿ ಏನಿಟ್ಟಿದ್ದಾರೆ,
ಹೃದಯವನ್ನೇ ಕಿತ್ತಿದ್ದಾರೆ.'

ಹೃದಯ ಕದ್ದವನನ್ನು ನಾನು ಬಲ್ಲೆ.
ಇಪ್ಪತ್ತೆಂಟು ವರ್ಷದ ಕೆಳಗೆ, ಐದನೇ ತರಗತಿಯ ಹುಡುಗ,
ತಾಯಿ ತೀರಿಕೊಂಡ ಚಳಿಗಾಲ,
ಎಡ ಜೇಬು ಉಬ್ಬಿಸಿಕೊಂಡು ಗೋಡೆಗಂಟಿ
ನನ್ನೆದುರೇ ನಡೆದುಹೋದ. ನಾನು ನೆಲ ಒರೆಸುತ್ತಲೇ ಇದ್ದೆ.
ಗುರುವಾರ, ಬೀಗ ತೆಗೆಯಿರಿ ಎಂದವನು
ಆ ಖಾಲಿ ಎದೆಯ ಮುಂದೆ
ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.
ಆಗಲೂ ನಾನು ಏನೂ ಹೇಳಲಿಲ್ಲ.
ಹೇಳಬೇಕಿತ್ತೇನೋ.

ಈಗ ಒಂಬತ್ತು ಗೂಟ ಖಾಲಿ. ಇಬ್ಬರು ಬಂದರು.
ಅವರಲ್ಲೊಬ್ಬಳು ಯಾರೊಮಿರನ ಮಗಳು ಮಿಲೆನಾ,
ಮುಂದಿನ ಹಲ್ಲಿಲ್ಲದವಳು,
ನನ್ನ ಬಕೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದಳು:
'ಕೆಳಗೆ ಏನೋ ಕಲಿಸುತ್ತಾರಂತಲ್ಲ,
ನಮ್ಮ ತರಗತಿಗೆ ಯಾವಾಗ?'

ಟೀಚರನ್ನು ಕೇಳಿ ಬಾ ಎಂದೆ. ಇಡೀ ತರಗತಿಯೇ ಬಂತು.
ಬಾಗಿಲು ಹಾರು ಹೊಡೆದಿಟ್ಟು, ಅವಳ ಕೈಗೊಂದು ಒಣಬಟ್ಟೆ ಕೊಟ್ಟೆ.
ಗಚ್ಚಿನವನ ಪಕ್ಕೆಲುಬಿನ ಧೂಳು ಒರೆಸಿದಳು,
ಒಂದೊಂದಾಗಿ, ಎಣಿಸುತ್ತಾ.
ಖಾಲಿ ಜಾಗದ ಹತ್ತಿರ ಲೆಕ್ಕ ತಪ್ಪಿತು.
ಮತ್ತೆ ಮೊದಲಿಂದ.