ಬೂಟು ರಿಪೇರಿ, ಮಾರ್ಚ್

ಬುಧವಾರ ಇಲ್ಗ್ವಾರ್ಸ್ ಚಳಿಗಾಲದ ಬೂಟು ತಂದು ಮೇಜಿನ ಮೇಲಿಟ್ಟ.
"ಅವಸರವೇನಿಲ್ಲ, ಅಕ್ಟೋಬರಿಗೆ ಕೊಟ್ಟರೂ ಆಯಿತು" ಎಂದು
ತೆಳು ಅಟ್ಟೆಯ ಶೂ ಟಕಟಕಿಸುತ್ತ ಹೋದ.
ಹೊರಗೆ ಸೂರಿನಿಂದ ತೊಟ್ಟು ತೊಟ್ಟು ತೊಟ್ಟು,
ಬಕೀಟು ತುಂಬಿ, ನಾಯಿ ಕುಡಿದು, ಮತ್ತೆ ತುಂಬಿ.

ರಿಗಾದ ರೇಡಿಯೋ ಏನಾದರೂ ಹೇಳಿಕೊಳ್ಳಲಿ.
ಮೂವತ್ತೊಂದು ವರ್ಷದಿಂದ ಈ ಊರಿನ ಅಂಗಾಲು ಓದುತ್ತಿದ್ದೇನೆ:
ಯಾರ ಹಿಮ್ಮಡಿ ಯಾವ ಕಡೆಗೆ ಸವೆದಿದೆ,
ಯಾರು ಹೊಳೆಯ ಕೆಸರು ತುಳಿದು ಬಂದರು,
ಕುಂಟುತ್ತಿರುವುದನ್ನು ಯಾರು ಮನೆಯಲ್ಲಿ ಹೇಳಿಲ್ಲ.

ಗುರುವಾರ ಎದ್ದರೆ ಮೊಣಕಾಲುದ್ದ ಹಿಮ,
ಮೇಲೆ ಆಕಾಶ, ಹಾಲು ಕುಡಿದ ಬೆಕ್ಕಿನ ಹಾಗೆ.
ಇಲ್ಗ್ವಾರ್ಸ್ ಬಂದ. ಅದೇ ತೆಳು ಶೂ,
ಅದರ ಮೇಲೆ ಬ್ರೆಡ್ಡಿನ ಚೀಲ, ಚೀಲಕ್ಕೆ ದಾರ.
"ಏನು, ಅಕ್ಟೋಬರ್ ಬಂತೇ?" ಎಂದೆ.
ಅವನಿಗೆ ನಗು ಬರಲಿಲ್ಲ.
ಅಟ್ಟೆ ಆಗಲೇ ಕಿತ್ತಿದ್ದೆ,
ಬೂಟು ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

ಬಿಸಿಲು ಏರಿಗೆಳೆದರೆ ಗಾಳಿ ನೀರಿಗೆಳೆಯಿತು.
ಶನಿವಾರ ಮಧ್ಯಾಹ್ನದೊಳಗೆ ಆಲಿಕಲ್ಲು, ಬಿಸಿಲು,
ಜರಡಿ ಹಿಡಿದ ಹಿಟ್ಟಿನಂಥ ಹಿಮ, ಮತ್ತೆ
ಯಾರೂ ಕೇಳದ ಒಂದು ಕಾಮನಬಿಲ್ಲು, ಗರಗಸದ ಮಿಲ್ಲಿನ ಮೇಲೆ.
ವೆಲ್ಟಾಳ ಹಾಸುಬಟ್ಟೆ ತಂತಿಯಲ್ಲೇ ಸೆಟೆದು ಹಲಗೆಯಾಗಿ
ಬಾಗಿಲನ್ನೇ ಹೊತ್ತಂತೆ ಹೊತ್ತು ಬಾಗಿಲಲ್ಲಿ ಸಿಕ್ಕಿಕೊಂಡಳು.
ಬರ್ಚ್ ಮರಕ್ಕೆ ತೂತು ಕೊರೆದು ಬಾಟಲಿ ಕಟ್ಟಿದವರು
ಹೋಗಿ ನೋಡಿ ಬರಿಗೈಯಲ್ಲಿ ಬಂದರು.
ಮರವೂ ಮನಸ್ಸು ಬದಲಿಸಿತ್ತು.

ಇಷ್ಟಾದರೂ ಸೇತುವೆಯ ಮೇಲೆ ಜನ.
ಪ್ರತಿ ವರ್ಷ ಹೆಪ್ಪುಗಟ್ಟಿದ ಹೊಳೆಯ ನಡುವೆ ಕುರ್ಚಿಯೊಂದನ್ನಿಡುತ್ತೇವೆ;
ಅದು ಹೊರಡುವ ಗಂಟೆ ಸರಿಯಾಗಿ ಹೇಳಿದವರಿಗೆ
ಕ್ಷೌರದ ವಿಸ್ವಾಲ್ಡಿಸನ ಡಬ್ಬಿಯ ಹಣ.
ಒಬ್ಬ ಭಾನುವಾರ ಮಧ್ಯಾಹ್ನ ಅಂದ, ಒಬ್ಬಳು ಏಪ್ರಿಲ್ ಅಂದಳು,
ಪಾದ್ರಿಗಳೂ ಎರಡು ಯೂರೋ ಹಾಕಿ ಯಾರಿಗೂ ಹೇಳಬೇಡ ಅಂದರು,
ಹಾಗಾಗಿ ಎಲ್ಲರಿಗೂ ಗೊತ್ತು.

ನಾನು ಹಾಕಲಿಲ್ಲ.
ಈ ವರ್ಷದ ಕುರ್ಚಿ ನನ್ನದು,
ಅಂದರೆ ಅಮ್ಮನದು. ಜನವರಿಯವರೆಗೆ
ಅದರ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು.
ಒಂದು ಕಾಲು ಚೂರು ಗಿಡ್ಡ, ಕೂತಾಗಲೆಲ್ಲ ಟಕ್ ಅನ್ನುತ್ತಿತ್ತು.
ಊರಿನ ಕಾಲೆಲ್ಲ ಸರಿಮಾಡಿದೆ, ಆ ಒಂದನ್ನು ಮಾಡಲಿಲ್ಲ.

ಸೋಮವಾರ ನಸುಕಿನ ಮೂರಕ್ಕೆ ಹೊರಟಿತಂತೆ.
ಇಡೀ ವಾರ ಕಾದವರೆಲ್ಲ ಹೊದ್ದು ಮಲಗಿದ್ದರು.
ಕಂಡವಳು ಬೇಕರಿಯ ಮಿರ್ಡ್ಜಾ ಒಬ್ಬಳೇ; ಮೊದಲು
ತನ್ನ ತಟ್ಟೆಗಳ ರಾಶಿಯೇ ಬಿತ್ತೆಂದು ಬೈದುಕೊಂಡಳಂತೆ,
ಆಮೇಲೆ ಹಿಟ್ಟಿನ ಕೈಯಲ್ಲೇ ಹೊರಗೋಡಿ ನೋಡಿದರೆ
ಬೀದಿದೀಪದ ಬೆಳಕಲ್ಲಿ ಕುರ್ಚಿ, ನೆಟ್ಟಗೆ, ಗಡ್ಡೆಯೊಂದರ ಮೇಲೆ,
ಸೇತುವೆಯ ಕಂಬಕ್ಕೆ ತಾಗಿ ಒಂದು ಸುತ್ತು ತಿರುಗಿ
ಹೋಯಿತು.
"ಯಾವ ಕಡೆ ಮುಖ ಮಾಡಿತ್ತು?" ಎಂದು ಕೇಳಿದೆ.
"ಕುರ್ಚಿಗೆ ಎಂಥ ಮುಖ?" ಎಂದಳು. ಸ್ವಲ್ಪ ತಡೆದು,
"ಆಚೆ ಕಡೆ."
ಎರಡು ಬಿಸಿ ಬನ್ನು ಕೊಟ್ಟಳು, ದುಡ್ಡು ಮುಟ್ಟಲಿಲ್ಲ.

ಗೆದ್ದವರಿಲ್ಲ. ಡಬ್ಬಿ ಮುಂದಿನ ವರ್ಷಕ್ಕೆ.

ಮಂಗಳವಾರ ಇಲ್ಗ್ವಾರ್ಸನ ಬೂಟು ತಯಾರು.
ಹೊರಗೆ ಹನ್ನೆರಡು ಡಿಗ್ರಿ, ಹುಡುಗರು ಅಂಗಿತೋಳು ಮಡಚಿದ್ದಾರೆ.
ಅವನು ಬೂಟು ನೋಡಿದ, ಕಿಟಕಿ ನೋಡಿದ,
ನನ್ನನ್ನು ನೋಡಿದ,
ಎರಡನ್ನೂ ತೊಟ್ಟು ಲೇಸು ಬಿಗಿದು
ಬೆವರುತ್ತ, ಒಂದು ಹೊಂಡವನ್ನೂ ಬಿಡದೆ,
ನಡುಬೀದಿಯಲ್ಲಿ ನಡೆದ.