ಜೋಡು

ಚಿಂತಾಮಣಿ. ಸಕ್ಕರೆ ಕಾಯಿಲೆಯ ಕ್ಲಿನಿಕ್ಕು. ಬೆಳಿಗ್ಗೆ ಏಳೂವರೆ.
ಬರಿಹೊಟ್ಟೆಯವರೆಲ್ಲ ಒಳಗೆ, ಜೋಡುಗಳು ಹೊರಗೆ.

ಯಾರೋ ಒಬ್ಬರು ಎಡಗಾಲಿನದು ಕಾಣದೆ
ಪಕ್ಕದ್ದನ್ನು ಮೆಟ್ಟಿ ಹೊರಟರು.
ಪಕ್ಕದವರು ಬಂದರು, ತಡಕಿದರು,
ಅದರ ಪಕ್ಕದ್ದಕ್ಕೆ ಕಾಲಿಟ್ಟರು.
ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನವರೆಗೂ
ಬೆಸ ಮೆಟ್ಟಿನ ನಡಿಗೆ.

ಕಳ್ಳರು ಯಾರೂ ಅಲ್ಲ.
ಮರಗಟ್ಟಿದ ಪಾದಕ್ಕೆ ತನ್ನದು ಯಾವುದು, ಪರರದು ಯಾವುದು?

ಮೂವತ್ತು ವರ್ಷ ಇಲ್ಲಿ ರಕ್ತ ತೆಗೆದವನು ನಾನು.
ಒಳಗೂ ಇದೇ ನಡೆದಿದೆ ಗಂಗುಲಮ್ಮಾ, ಎಂದೆ
ಮೊಣಕೈ ಮಡಿಕೆಗೆ ಹತ್ತಿ ಒತ್ತುತ್ತ.
ಪುಸ್ತಕದಲ್ಲಿ ಫ್ರೀ ರ‍್ಯಾಡಿಕಲ್ ಅಂತಾರೆ:
ಜೋಡು ಕಳೆದ ಒಂದು ಕಣ
ಸಿಕ್ಕವರದನ್ನು ಕಿತ್ತುಕೊಳ್ಳುತ್ತದೆ,
ಕೊಟ್ಟು ಕೆಟ್ಟದ್ದು ಮತ್ತೊಬ್ಬರ ಬಾಗಿಲಿಗೆ.
ರಕ್ತನಾಳದ ಗೋಡೆ, ಕಣ್ಣಿನ ಒಳಪರದೆ, ಕಿಡ್ನಿಯ ಜರಡಿ,
ಹೀಗೇ ಹಳತಾಗುತ್ತೇವೆ.

"ಯಾರು ಬಿಟ್ಟೋರು ಅದನ್ನ ಒಳಕ್ಕೆ?"
ಯಾರೂ ಇಲ್ಲ. ಉಸಿರಾಡಿದೆವಲ್ಲ, ಅದಕ್ಕೇ.
ಒಲೆ ಉರಿದರೆ ಕಿಡಿ ಸಿಡಿಯದೆ ಇರುತ್ತದೆಯೆ?
ಕೀವಿನ ಹುಳು ಸಾಯುವುದೂ ಅದೇ ಕಿಡಿಗೆ.

"ಹಂಗಾದ್ರೆ ಉಸಿರು ಬಿಟ್ರೆ ವಾಸಿ ಅನ್ನಪ್ಪ,"
ನಕ್ಕಳು. ಹತ್ತಿ ಕೆಂಪಾಯಿತು.

ಮಾತ್ರೆ ಕಂಪನಿಯ ಹುಡುಗ ಬಾಟಲಿ ತೋರಿಸಿದ,
ಮುಪ್ಪು ತಡೆಯುತ್ತದಂತೆ.
ಅವನ ಕೂದಲಿಗೆ ಆಗಲೇ ಬಣ್ಣ.

ಹೊರಗೆ ನಮ್ಮ ಅಟೆಂಡರು ಪ್ಯಾರೇಜಾನ್.
ಸ್ಟ್ಯಾಂಡಿನಲ್ಲಿ ಉಳಿದದ್ದು ಎರಡೂ ಎಡಗಾಲಿನವು.
ಗಂಗುಲಮ್ಮನ ಹೆಬ್ಬೆರಳಿನ ಬುಡದ ಗಾಯ ನೋಡಿದ,
ತನ್ನ ಹವಾಯಿ ಬಿಚ್ಚಿ ಅವಳ ಮುಂದಿಟ್ಟ.

ಅಲ್ಲಿಗೆ ನಿಂತಿತು, ಅವತ್ತಿನ ಮಟ್ಟಿಗೆ.
ಸಂಜೆಯವರೆಗೆ ಬರಿಗಾಲಲ್ಲೇ ನೆಲ ಒರೆಸಿದ
ಯಾರ ಮೆಟ್ಟಿಗೂ ಕಣ್ಣು ಹಾಕದೆ.